ಹಸೀನಾಳ ಫೋಟೋ

ಮಲಗಿದ್ದ ಕುದುರೆಯ ಹೊಟ್ಟೆಯ ಕೆಳಗೆ ಗೋಣಿಚೀಲ ತೂರಿಸಲು ಇಬ್ಬರು ಬಗ್ಗಿದರು. ಇನ್ನಿಬ್ಬರು ಹಗ್ಗದ ತುದಿ ಹಿಡಿದು ನಿಂತರು. ಫೋಟೋಗ್ರಾಫರ್ ಸಾಕ್ಷಿ ಕೊಟ್ಟಿಗೆಯ ಬಾಗಿಲಲ್ಲಿ ಕ್ಯಾಮೆರಾ ಹಿಡಿದುಕೊಂಡು ಅಂಗಳವನ್ನು ನೋಡಿದಳು. ಎಂಟೂವರೆಯ ಬಿಸಿಲು ಇನ್ನೂ ಮೆತ್ತಗಿತ್ತು. ಕುದುರೆಯನ್ನು ಎರಡು ನಿಮಿಷ ಅಲ್ಲಿ ನಿಲ್ಲಿಸಿದರೂ ಫೋಟೋಗೆ ಸಾಕಿತ್ತು.

ಹಸೀನಾ ಏಳಲಿಲ್ಲ. ಮುಂಗಾಲು ಊರಿ ಅರ್ಧಕ್ಕೆ ಬಂದದ್ದು ಅಲ್ಲೇ ನಡುಗಿ ಹುಲ್ಲಿನ ಮೇಲೆ ಕುಸಿಯಿತು.

ಬೆಳಗಾವಿ ಕ್ಯಾಂಪಿನ ಕಲಂದರ ಹದಿನೆಂಟು ವರ್ಷ ಈ ಬಿಳಿ ಕುದುರೆಯನ್ನು ಮದುವೆ ಮೆರವಣಿಗೆಗಳಿಗೆ ಒಯ್ದಿದ್ದ. ಎರಡು ವರ್ಷದ ಹಿಂದೆ ಅದರ ಹಿಂಗಾಲ ಕೀಲು ಬಾತಾಗ ಗುಂಜಿ ಹಳ್ಳಿಯ ಶಿವಬಸವ್ವನ ಕೊಟ್ಟಿಗೆಗೆ ತಂದು ಬಿಟ್ಟಿದ್ದ. ಅವಳ ತಮ್ಮನ ಮದುವೆಗೆ ಹಸೀನಾ ಬಂದಿತ್ತು, ಪರಿಚಯ ಅಷ್ಟೇ. ಆದರೂ ಅವಳು ಬೇಡವೆನ್ನಲಿಲ್ಲ. ಕಲಂದರ ವಾರಕ್ಕೊಮ್ಮೆ ಖಾನಾಪುರದ ತನಕ ಬಸ್ಸಿನಲ್ಲಿ, ಅಲ್ಲಿಂದ ಟಂಟಂ ರಿಕ್ಷಾದಲ್ಲಿ ಬಂದು ಕುದುರೆಯ ಮೈ ಉಜ್ಜಿ ಹೋಗುತ್ತಿದ್ದ. ಈಗ ನಾಲ್ಕು ದಿನದಿಂದ ಅದು ಎದ್ದಿರಲಿಲ್ಲ. ನಿನ್ನೆ ದನದ ಡಾಕ್ಟರು ನೋಡಿ, ಇನ್ನು ನರಳಿಸುವುದು ಬೇಡ, ನಾಳೆ ಹನ್ನೊಂದಕ್ಕೆ ಬಂದು ಇಂಜೆಕ್ಷನ್ ಕೊಡುತ್ತೇನೆ ಎಂದಿದ್ದರು.

ಅದನ್ನು ಕೇಳಿದ ಮೇಲೆ ಕಲಂದರ ಸಾಕ್ಷಿಯ ಸ್ಟುಡಿಯೋಗೆ ಬಂದಿದ್ದ. ತನ್ನ ಹತ್ತಿರ ಹಸೀನಾಳ ಒಂದು ಫೋಟೋ ಸಹ ಇಲ್ಲವೆಂದ. ಮದುವೆಗಳ ಹಂಗಾಮಿನಲ್ಲಿ ತಿಂಗಳಿಂದ ನಿದ್ದೆಗೆಟ್ಟಿದ್ದ ಸಾಕ್ಷಿ, ಇದ್ದೇ ಇರುತ್ತದೆ ಎಂದುಕೊಂಡು ಕಂಪ್ಯೂಟರಿನಲ್ಲಿ ಹುಡುಕಿದಳು. ಅವಳೇ ತೆಗೆದ ಮೂವತ್ತಾರು ಮದುವೆಗಳಲ್ಲಿ ಹಸೀನಾ ಇತ್ತು. ಒಂದರಲ್ಲಿ ಬರೀ ಕಿವಿ, ಇನ್ನೊಂದರಲ್ಲಿ ಬೆನ್ನಿಗೆ ಹೊದಿಸಿದ ಜರಿಯ ಜೂಲಿನ ಕೆಳಗೆ ಎರಡು ಕಾಲು. ಮುಖ ಸಿಕ್ಕ ಕಡೆಯೆಲ್ಲ ಫ್ಲ್ಯಾಶಿನ ಹೊಡೆತಕ್ಕೆ ಕಣ್ಣು ಮುಚ್ಚಿತ್ತು. ಉಳಿದದ್ದೆಲ್ಲ ಮದುಮಗ.

"ಇವು ಬ್ಯಾಡ ಬೇಟಾ," ಎಂದಿದ್ದ ಕಲಂದರ. "ಬಿಸಲಾಗ ಆಕಿ ಹೆಂಗ ಕಾಣ್ತಾಳ, ಹಂಗ ಒಂದ ತಗದಕೊಡು."

ಕೊಟ್ಟಿಗೆಯಲ್ಲಿ ಈಗ, ಇನ್ನೊಂದು ಸಲ ಎತ್ತಿ ನೋಡೋಣವೆಂದು ಶಿವಬಸವ್ವ ಗಂಡಸರಿಗೆ ಹೇಳಿದಳು. ಸಾಕ್ಷಿಗೂ ಅದೇ ಬೇಕಿತ್ತು. ಒಳಗೆ ಬೆಳಕು ಸಾಲುವುದಿಲ್ಲ, ಹೊರಗೆ ಬಂದರೆ ಚೆನ್ನಾಗಿ ಬರುತ್ತದೆ ಎಂದಳು. ಕಲಂದರ ಹಗ್ಗ ಹಿಡಿದವನ ಕೈಮೇಲೆ ಕೈಯಿಟ್ಟ.

"ಬಿಡ್ರಿ. ಹದಿನೆಂಟ ವರ್ಷ ಮಂದಿ ಮದುವಿ ಬಾಗಲದಾಗ ನಿಂತಾಳ. ನಾ ಒಳಗ ಉಂಡ ಬರೂತನಾ ನಿಂತಾಳ. ಈಗ ಮಲಗ್ಯಾಳ. ಎಬ್ಬಸಬ್ಯಾಡ್ರಿ."

ಹಗ್ಗ ನೆಲಕ್ಕೆ ಬಿತ್ತು. ಶಿವಬಸವ್ವ ತಲೆಯೆತ್ತಿ ಚಾವಣಿಯನ್ನು ನೋಡಿದಳು.

"ಹೆಂಚ ತಗದ್ರ ಬೆಳಕ ಆಗ್ತೈತೇನವಾ?"

ಸಾಕ್ಷಿ ಹೂಂ ಎಂದಳು. ಒಬ್ಬ ಏಣಿಯಿಟ್ಟು ಹತ್ತಿ ಏಳೆಂಟು ಹೆಂಚು ಸರಿಸಿದ. ಧೂಳಿನೊಂದಿಗೆ ಬಿಸಿಲು ಇಳಿದು ಕುದುರೆಯ ಕೊರಳು, ಹೆಗಲು, ಮುಖದ ಮೇಲೆ ಬಿತ್ತು. ಬಿಳಿಯೆಂದು ಎಲ್ಲರೂ ಅಂದುಕೊಂಡದ್ದು ಬಿಳಿಯಾಗಿರಲಿಲ್ಲ. ಕೊರಳ ತುಂಬ ಕಂದು ಚುಕ್ಕೆಗಳಿದ್ದವು. ಎದೆಗೆ ಪಟ್ಟಿ ಬಿಗಿಯುತ್ತಿದ್ದ ಜಾಗದಲ್ಲಿ ಕೂದಲು ಹೋಗಿ ಕಪ್ಪು ಚರ್ಮ ಕಾಣುತ್ತಿತ್ತು. ಕಲಂದರ ಅಲ್ಲಿ ಬೆರಳಿಟ್ಟ, ತೆಗೆಯಲಿಲ್ಲ.

ಸಾಕ್ಷಿ ಸಗಣಿ ಸಾರಿಸಿದ ನೆಲದಲ್ಲಿ ಬೋರಲು ಮಲಗಿ ಕ್ಯಾಮೆರಾ ಎತ್ತಿದಳು. ಎತ್ತಿದೊಡನೆ ಹಸೀನಾ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತು. ಬಿಸಿಲಿಗಿರಬೇಕೆಂದು ಅವಳು ಕ್ಯಾಮೆರಾ ಇಳಿಸಿ ಕಾದಳು. ಕಣ್ಣು ತೆರೆಯಿತು. ಮತ್ತೆ ಎತ್ತಿದಳು, ಮತ್ತೆ ಮುಚ್ಚಿತು. ಮೂರನೆಯ ಸಲಕ್ಕೆ ಅವಳಿಗೆ ತಿಳಿಯಿತು. ಕುದುರೆ ಫ್ಲ್ಯಾಶಿಗೆ ಕಾಯುತ್ತಿತ್ತು.

ಅವಳಿಗೆ ಮುಖ ಎತ್ತಲಾಗಲಿಲ್ಲ. "ಚಾಚಾ, ನಂದ ತಪ್ಪ ಅದು," ಎಂದಳು.

"ಬರೇ ನಿಂದ ಅಲ್ಲ ಬೇಟಾ," ಎಂದ ಕಲಂದರ. ಕುದುರೆಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಕಿವಿಯ ಹತ್ತಿರ ಬಗ್ಗಿ ಉರ್ದುವಿನಲ್ಲಿ ಏನೋ ಹೇಳತೊಡಗಿದ.

ಸಾಕ್ಷಿ ಕ್ಯಾಮೆರಾ ಇಳಿಸಲಿಲ್ಲ. ಕೈ ಸೋತವು, ಮೊಳಕೈ ಉರಿಯಿತು. ಏನೂ ಮಿಂಚಲಿಲ್ಲ, ಯಾವ ಬಾಜಾ ಬಜಂತ್ರಿಯೂ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಹಸೀನಾಳ ಒಂದು ರೆಪ್ಪೆ ನಿಧಾನ ಮೇಲೆದ್ದಿತು. ಕಣ್ಣಿನೊಳಗೆ ಜೇನಿನ ಬಣ್ಣವಿತ್ತು. ಸಾಕ್ಷಿ ಒಂದೇ ಒಂದು ತೆಗೆದಳು.

ತೋರಿಸಲು ಹೋದರೆ ಕಲಂದರ ಈಗ ಬೇಡವೆಂದ, ಆಮೇಲೆ ನೋಡುತ್ತೇನೆಂದ.

ಹನ್ನೊಂದಕ್ಕೆ ಸರಿಯಾಗಿ ಡಾಕ್ಟರ ಮೋಟಾರ್‌ಸೈಕಲ್ಲು ಅಂಗಳಕ್ಕೆ ಬಂತು. ಶಿವಬಸವ್ವ ಕೈ ತೊಳೆಯಲು ನೀರು ತಂದಿಟ್ಟಳು. ಹೆಂಚು ಮುಚ್ಚಲೇ ಎಂದು ಏಣಿಯ ಬಳಿ ನಿಂತವನು ಕೇಳಿದ. ಬಿಸಿಲು ಕುದುರೆಯ ಕಿವಿಯಿಂದ ಸರಿದು ಕಲಂದರನ ಮೊಣಕಾಲಿನ ಮೇಲೆ ಬಂದಿತ್ತು. ಕಲಂದರ ಕೂತಲ್ಲೇ ಮೆಲ್ಲಗೆ ಹಿಂದೆ ಜರುಗಿ, ಕುದುರೆಯ ತಲೆಯನ್ನು ಆ ಬಿಸಿಲಿಗೆ ತಂದುಕೊಂಡ.