ಎರಡನೇ ಏಪ್ರನ್

ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಸೊಸೆ ದಿನಾ ಎರಡು ಏಪ್ರನ್ ಒಗೆಯಲು ಹಾಕುತ್ತಿದ್ದಳು. ಅತ್ತೆಗೆ ಸೋಪು ಸವೆಯುವುದೇ ಚಿಂತೆ.

"ಇರೋದು ಒಂದೇ ಹೊಟ್ಟೆ. ಎರಡು ಏಪ್ರನ್ ಯಾಕಮ್ಮಾ?"

"ಒಂದು ಮುಂದೆ, ಒಂದು ಹಿಂದೆ ಕಟ್ಕೋತೀನಿ ಅತ್ತೆ." ಸೊಸೆ ತಲೆ ಎತ್ತಲಿಲ್ಲ. "ಒಲೆಗೂ ತೊಟ್ಟಿಗೂ ನಡುವೆ ಇಕ್ಕಟ್ಟು ದಾರಿ. ಮ್ಯಾನೇಜರು ಬೇಕಂತಲೇ ಅಲ್ಲಿ ಮೈಗೆ ಮೈ ಉಜ್ಜಿ ಹೋಗ್ತಾರೆ. ಕೈನೂ ಹಾಕ್ತಾರೆ. ಬೇಡ ಅಂದ್ರೆ ನಗ್ತಾರೆ."

ಅತ್ತೆಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಹೆದರಿಕೆ ಬಂತು.

"ಬಾಯಿಬಿಟ್ರೆ ಕೆಲಸ ಹೋಗುತ್ತೆ. ಜನ ನಿನ್ನ ಮೇಲೇ ಬೆರಳು ತೋರಿಸ್ತಾರೆ. ಸುಮ್ನೆ ಹಂಗೇ ಕಟ್ಕೊಂಡಿರು."

ಪಕ್ಕದ ಮನೆಯ ಟೈಲರ್ ಅಕ್ಕ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಳು. ಅವಳ ಕಿವಿ ಚುರುಕು, ಬಾಯಿ ಇನ್ನೂ ಚುರುಕು. ಬಟ್ಟೆ ಕಾರ್ಖಾನೆಯ ದೂರು ಸಮಿತಿಯಲ್ಲಿ ಇದ್ದು ಬಂದವಳು.

"ತಪ್ಪು ಅವನದು, ಒಲೆ ಮುಂದೆ ಎರಡು ಏಪ್ರನ್ ಸೆಕೆ ಇವಳಿಗಾ? ಇದಕ್ಕೆ ಕಾನೂನು ಇದೆ ಅಮ್ಮಾ. ದೂರು ಬರೀಲಿ."

"ಏನಂತ ಬರೀತಾಳೆ?"

"ನಡೆದದ್ದನ್ನೇ. ಯಾವ ದಿನ, ಎಷ್ಟು ಹೊತ್ತಿಗೆ, ಏನು ಮಾಡಿದ, ಹತ್ತಿರ ಯಾರಿದ್ರು. ಎರಡು ಪ್ರತಿ ಮಾಡು ತಂಗಿ. ಒಂದು ಮಾಲೀಕರಿಗೆ. ಇನ್ನೊಂದರ ಮೇಲೆ ಅವರ ಸಹಿ ಹಾಕಿಸ್ಕೊಂಡು ಮನೇಲಿಟ್ಕೋ."

ಮಾಲೀಕರು ಸಹಿ ಹಾಕಿದರು. "ಇಷ್ಟಕ್ಕೆಲ್ಲ ರಂಪ ಮಾಡ್ತಾರಾ?" ಎಂದು ದೂರನ್ನು ಡ್ರಾಯರಿಗೆ ತಳ್ಳಿದರು. ಎರಡು ವಾರ ಸದ್ದಿಲ್ಲ. ಆಗ ಸಹಿಯಿದ್ದ ಪ್ರತಿ ಹಿಡಿದು ಮೂವರೂ ಉಚಿತ ಕಾನೂನು ನೆರವಿನ ವಕೀಲೆಯ ಬಳಿಗೆ ಹೋದರು. ವಕೀಲೆಯ ನೋಟಿಸ್ ತಲುಪಿದ್ದೇ ತಡ, ಡ್ರಾಯರು ತಾನಾಗಿ ತೆರೆಯಿತು. ಹೋಟೆಲಿನಲ್ಲೇ ದೂರು ಸಮಿತಿಯ ಮುಂದೆ ವಿಚಾರಣೆಗೆ ದಿನ ಗೊತ್ತಾಯಿತು.

"ದಾರಿ ಇಕ್ಕಟ್ಟು ಸಾರ್, ಮೈ ತಗಲುತ್ತೆ," ಎಂದ ಮ್ಯಾನೇಜರು.

ಸೊಸೆ ಹೇಳಿದಳು: "ಅಡುಗೆಯವರೂ ಅದೇ ದಾರೀಲಿ ದಿನವಿಡೀ ಓಡಾಡ್ತಾರೆ. ಅವರಿಂದಾಗಿ ನಾನು ಬೆನ್ನಿಗೆ ಏಪ್ರನ್ ಕಟ್ಕೊಂಡಿಲ್ಲ."

ಸಾಕ್ಷಿಗೆಂದು ಕೆಲಸದ ನಡುವೆ ಎದ್ದು ಬಂದಿದ್ದ ತರಕಾರಿ ಹೆಚ್ಚುವ ಹೆಂಗಸು ಬೆನ್ನು ತಿರುಗಿಸಿ ನಿಂತಳು. ಅವಳ ಹಿಂದೆಯೂ ಒಂದು ಏಪ್ರನ್ ಇತ್ತು.

ಮ್ಯಾನೇಜರನ್ನು ಕೆಲಸದಿಂದ ತೆಗೆದರು. ಸೊಸೆಯ ಕೆಲಸ ಉಳಿಯಿತು. ಮರುದಿನ ಅತ್ತೆ ಒಂದೇ ಏಪ್ರನ್ ಹಿಂಡಿ ಹಗ್ಗದ ಮೇಲೆ ಹಾಕಿದರು. "ಮೊದಲೇ ನಿನ್ನ ಪರ ನಿಲ್ಲಬೇಕಿತ್ತು ಕಣಮ್ಮಾ," ಎಂದರು.

ಅಕ್ಕತಂಗಿಯರೇ, ಕೆಲಸದ ಜಾಗದಲ್ಲಿ ಯಾರಾದರೂ ಹೀಗೆ ಕಾಡಿದರೆ ಮೈ ಮುಚ್ಚಿಕೊಳ್ಳುವ ಉಪಾಯ ಹುಡುಕುತ್ತ ಕೂರಬೇಡಿ. ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ. ದೂರಿಗೆ ಗಡುವು ಇರುತ್ತದೆ, ತಡಮಾಡಬೇಡಿ. ಮನೆಯವರೇ, ನಿಮ್ಮ ಮನೆಯ ಹೆಣ್ಣುಮಗಳು ಬಾಯಿಬಿಟ್ಟ ದಿನವೇ ಅವಳನ್ನು ನಂಬಿ.