ನಡೆಯಬೇಕಿಲ್ಲದ ಬೆಟ್ಟ

ಸಮುದ್ರ ನೋಡುವ ಆಸೆ ದೊಡ್ಡಮಾದಮ್ಮನಿಗೆ ಎಳ್ಳಷ್ಟೂ ಇರಲಿಲ್ಲ. ಅರವತ್ತಮೂರು ವರ್ಷ ಸಮುದ್ರವಿಲ್ಲದೆ ಬದುಕಿದವಳು, ಇನ್ನು ನಾಲ್ಕು ದಿನ ಅದನ್ನು ನೋಡದೆ ಇದ್ದಿದ್ದರೆ ಯಾರ ಗಂಟು ಹೋಗುತ್ತಿತ್ತು? ಆದರೆ ಸೊಸೆ ಪದ್ಮಿನಿ ಬಿಡಬೇಕಲ್ಲ. ಹನೂರಿನಾಚೆ ಅವರ ಊರಿನ ಹಾಲಿನ ಡೈರಿಗೆ ಪದ್ಮಿನಿಯೇ ಸೆಕ್ರೆಟರಿ. ಆ ಸುತ್ತಿನ ಡೈರಿಗಳ ಸೆಕ್ರೆಟರಿಗಳೆಲ್ಲ ಸೇರಿ ಒಂದು ಮಿನಿ ಬಸ್ಸು ಮಾಡಿಕೊಂಡು ಧರ್ಮಸ್ಥಳ, ಉಡುಪಿ, ಕೊನೆಗೆ ಸಮುದ್ರದ ಮೇಲಿನ ಒಂದು ಎತ್ತರದ ಜಾಗ ಅಂತ ಪ್ರವಾಸ ಹೊರಟಿದ್ದರು. ಮನೆಯವರೊಬ್ಬರನ್ನು ಕರೆತರಬಹುದು ಅಂದಿದ್ದರು. ಗಂಡ ಸತ್ತವಳು ಇನ್ಯಾರನ್ನು ಕರೆತರುತ್ತಾಳೆ, ಅತ್ತೆಯನ್ನೇ.

"ನಡೆಯೋದೇ ಇಲ್ಲ ಅತ್ತೆ," ಅಂದಿದ್ದಳು ಪದ್ಮಿನಿ. "ಬಸ್ಸು ತುದಿಗಂಟ ಓಯ್ತದ. ಇಳ್ದು ನೂರೆಜ್ಜೆ ಆಕುದ್ರೆ ಸಮುದ್ರ ಕಾಲ್ ಕೆಳ್ಗೇ ಕಾಣ್ತದ."

ನಡೆಯೋದಿಲ್ಲ ಅನ್ನುವುದು ದೊಡ್ಡಮಾದಮ್ಮನ ಮಟ್ಟಿಗೆ ಸಣ್ಣ ಮಾತಲ್ಲ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ ಅವಳ ಅಂಗಾಲುಗಳನ್ನು ಜೋಮು ಹಿಡಿಸಿಬಿಟ್ಟಿತ್ತು. ಕೊಳ್ಳೇಗಾಲದ ಡಾಕ್ಟರು ದಾರದಂಥದ್ದೊಂದನ್ನು ಪಾದಕ್ಕೆ ಚುಚ್ಚಿ ಚುಚ್ಚಿ, ಗೊತ್ತಾಗುತ್ತಾ, ಇಲ್ಲಿ ಗೊತ್ತಾಗುತ್ತಾ ಅಂತ ಹತ್ತು ಕಡೆ ಕೇಳಿದರೆ ಎಂಟು ಕಡೆ ಇಲ್ಲ ಅಂದಿದ್ದಳು. ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ, ಮುಳ್ಳು ಚುಚ್ಚಿದರೂ ನಿಮಗೆ ತಿಳಿಯೋದಿಲ್ಲ ಅಂತ ಮೆತ್ತನೆಯ ಚಪ್ಪಲಿ ಬರೆದುಕೊಟ್ಟರು. ದಿನಾ ಅಂಗಾಲು ನೋಡಬೇಕು ಅಂತಲೂ ಹೇಳಿದರು. ಅವಳಿಗೆ ಬಗ್ಗಿ ನೋಡಲಾಗದು. ಅಂದಿನಿಂದ ಅದು ಪದ್ಮಿನಿಯ ಕೆಲಸ. ಸಂಜೆ ಡೈರಿಯ ಹಾಲೆಲ್ಲ ವ್ಯಾನಿಗೆ ಹೋದಮೇಲೆ ಕೈ ತೊಳೆದು ಬಂದು ಜಗಲಿಯ ಮೇಲೆ ಕೂತು, ಅತ್ತೆಯ ಎರಡೂ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು, ಮೊಬೈಲಿನ ಬೆಳಕು ಬಿಟ್ಟು ಬೆರಳ ಸಂದುಸಂದನ್ನೂ ನೋಡುತ್ತಿದ್ದಳು. ಹೆತ್ತ ಮಗ ಕೂಡ ಆ ಕಾಲನ್ನು ಹಾಗೆ ನೋಡಿದವನಲ್ಲ.

ಆ ಮಗ, ಪ್ರಭುಸ್ವಾಮಿ, ಇದ್ದವನು ಒಬ್ಬನೇ. ಎರಡು ವರ್ಷ ಎಂಟು ತಿಂಗಳ ಹಿಂದೆ ಕೊಳ್ಳೇಗಾಲದಿಂದ ಬರುವಾಗ ಮಳೆಯಲ್ಲಿ ಬೈಕು ಜಾರಿ ಹೋಗಿಬಿಟ್ಟ. ಮದುವೆಯಾಗಿ ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹೆಣ ಮನೆಗೆ ಬಂದಾಗ ದೊಡ್ಡಮಾದಮ್ಮ ಅಳಲಿಲ್ಲ. ಹೆಂಗಸರು ಅಳಿಸಲು ನೋಡಿದರು. ಪಕ್ಕದ ಮನೆಯ ಚನ್ನಾಜಮ್ಮ ಅವನ ಅಂಗಿಯೊಂದನ್ನು ತಂದು ಕೈಗೆ ತುರುಕಿದಳು. ದೊಡ್ಡಮಾದಮ್ಮ ಅದನ್ನು ಮಡಿಸಿ, ಮಡಿಕೆ ನೆಟ್ಟಗೆ ಮಾಡಿ, ಪಕ್ಕಕ್ಕಿಟ್ಟಳು. ಕಲ್ಲು ಮುಂಡೆ ಅಂದವರೂ ಇದ್ದರು. ಅವಳು ಅದಕ್ಕೂ ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರಾಗುವುದಕ್ಕೂ ಒಳಗೆ ಏನಾದರೂ ಇರಬೇಕಲ್ಲ. ಮುದ್ದೆ ಮುರಿದು ಬಾಯಿಗಿಟ್ಟರೆ ಉಪ್ಪಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ, ನುಂಗುತ್ತಿದ್ದಳು. ಬೆಳಗಾದರೆ ಏಳುತ್ತಿದ್ದಳು, ಕತ್ತಲಾದರೆ ಮಲಗುತ್ತಿದ್ದಳು. ನಡುವೆ ಸಂಜೆ ಹೊತ್ತು ಕಾಲು ನೋಡಿಸಿಕೊಳ್ಳುವ ಹತ್ತು ನಿಮಿಷ ಮಾತ್ರ ತಾನಿನ್ನೂ ಯಾರದೋ ಲೆಕ್ಕದಲ್ಲಿದ್ದೇನೆ ಅನ್ನಿಸುತ್ತಿತ್ತು.

ಈಗ ಆ ಹತ್ತು ನಿಮಿಷಕ್ಕೇ ಕುತ್ತು ಬಂದಿತ್ತು. ಯಳಂದೂರು ಕಡೆಯ ಜಡೇಸ್ವಾಮಿ ಅಂತ ಒಬ್ಬ, ದನದ ಆಸ್ಪತ್ರೆಯಲ್ಲಿ ಕೆಲಸ. ಹೆಂಡತಿ ಸತ್ತಿದ್ದಾಳೆ, ಆರು ವರ್ಷದ ಹೆಣ್ಣು ಮಗು ಇದೆ. ಅವನು ಪದ್ಮಿನಿಯನ್ನು ಕೂಡಾವಳಿ ಮಾಡಿಕೊಳ್ಳುತ್ತೇನೆ ಅಂತ ಅವಳ ಅಣ್ಣನನ್ನು ಕೇಳಿದ್ದನಂತೆ. ವಿಧವೆ ಇನ್ನೊಬ್ಬನ ಕೈ ಹಿಡಿಯುವ ಕೂಡಾವಳಿ ಅವರ ಜನದಲ್ಲಿ ಹೊಸದೇನಲ್ಲ, ತಪ್ಪೂ ಅಲ್ಲ. ಆದರೆ ಹಾಗೆ ಹೋದವಳು ಹಳೆಯ ಅತ್ತೆಯ ಹೊಸಿಲಿಗೆ ಮತ್ತೆ ಬರುವುದಿಲ್ಲ, ಬಂದರೆ ಊರು ಬಾಯಿ ಮುಚ್ಚುವುದಿಲ್ಲ. ಪದ್ಮಿನಿ ಅಣ್ಣನಿಗೆ, ಅತ್ತೆಯನ್ನು ಕೇಳದೆ ನಾನು ಹೂಂ ಅನ್ನುವುದಿಲ್ಲ ಅಂದಿದ್ದಳಂತೆ. ಇದನ್ನೆಲ್ಲ ತಂದು ಸುರಿದವಳು ಚನ್ನಾಜಮ್ಮನೇ, ಮತ್ಯಾರು. ಆ ಸುದ್ದಿ ಹೇಳುವಾಗ ಅವಳ ಮುಖದಲ್ಲಿದ್ದ ಕಳೆ ಹಬ್ಬದ ದಿನವೂ ಇರುವುದಿಲ್ಲ.

ಎರಡು ತಿಂಗಳಾಯಿತು. ಪದ್ಮಿನಿಗೆ ಕೇಳಲು ಬಾಯಿ ಬರಲಿಲ್ಲ ಅಂತಲ್ಲ, ದೊಡ್ಡಮಾದಮ್ಮ ಕೇಳಗೊಡಲಿಲ್ಲ. ಅತ್ತೆ, ಒಂದು ಮಾತು ಅಂತ ಶುರು ಮಾಡಿದರೆ ಇವಳಿಗೆ ಎಮ್ಮೆಗೆ ನೀರು ಕುಡಿಸುವುದು ನೆನಪಾಗುತ್ತಿತ್ತು. ಇನ್ನೊಮ್ಮೆ ಕುಕ್ಕರು ಕೂಗಿತು ಅಂದಳು, ಒಲೆಯ ಮೇಲೆ ಕುಕ್ಕರೇ ಇರಲಿಲ್ಲ. ಮತ್ತೊಮ್ಮೆ ಕೂತಲ್ಲೇ ಗೊರಕೆ ಹೊಡೆದಳು. ಕೇಳಿದರೆ ತಾನೇ ಉತ್ತರ ಕೊಡಬೇಕಾದದ್ದು. ಕೇಳಲೇ ಇಲ್ಲ ಅಂದರೆ ಅವಳು ಹೋಗುವ ಹಾಗೂ ಇಲ್ಲ. ಅತ್ತೆಯ ಲೆಕ್ಕಾಚಾರ ಇಷ್ಟೇ. ಪ್ರವಾಸ ಅಂದಾಗಲೇ ಅವಳಿಗೆ ಗೊತ್ತಾಯಿತು, ಎಮ್ಮೆಯೂ ಒಲೆಯೂ ಇಲ್ಲದ ಜಾಗಕ್ಕೆ ತನ್ನನ್ನು ಕರೆದೊಯ್ಯುತ್ತಿದ್ದಾಳೆ ಅಂತ.

ಮೂರನೆಯ ದಿನ, ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ, ಬಸ್ಸು ಸಮುದ್ರದ ಪಕ್ಕದ ಏರು ಹತ್ತಿ ಬಯಲಿನಂಥ ಕಡೆ ನಿಂತಿತು. ಡ್ರೈವರು ಮಂಡ್ಯದ ಕಡೆಯವನು. "ಬೆಟ್ಟ ಬಂತು, ಇಳೀರಿ," ಅಂದ.

ಅವನ ಬಾಯಿಂದ ಬಂದ ಆ ಒಂದು ಮಾತೇ ಎಡವಟ್ಟು ಮಾಡಿತು. ಆ ಊರಿನವರು ಅದನ್ನು ಗುಡ್ಡ ಅನ್ನುತ್ತಾರೆ. ಅವನೂ ಗುಡ್ಡ ಅಂದಿದ್ದರೆ ದೊಡ್ಡಮಾದಮ್ಮ ಚಪ್ಪಲಿ ಹಾಕಿಕೊಂಡೇ ಇಳಿಯುತ್ತಿದ್ದಳು. ಗುಡ್ಡದಲ್ಲಿ ಆಡು ಮೇಯುತ್ತವೆ. ಬೆಟ್ಟ ಅಂದಮೇಲೆ ಅವಳ ಸೀಮೆಯಲ್ಲಿ ಮಾದಪ್ಪನದು, ಅದಲ್ಲದಿದ್ದರೆ ಬಿಳಿಗಿರಿರಂಗನದು, ಅಂತೂ ದೇವರಿದ್ದೇ ಇರುತ್ತಾನೆ. ವಯಸ್ಸಿನಲ್ಲಿ ಹನ್ನೊಂದು ಸಲ ಬರಿಗಾಲಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದವಳು ಅವಳು. ಬೆಟ್ಟವನ್ನು ಚಪ್ಪಲಿಯಲ್ಲಿ ತುಳಿಯುವುದುಂಟೇ? ಯೋಚನೆ ಮಾಡಿ ಬಿಟ್ಟದ್ದಲ್ಲ. ಕಾಲು ತಾನಾಗಿ ಚಪ್ಪಲಿ ಕಳಚಿ ಸೀಟಿನಡಿಗೆ ತಳ್ಳಿತು. ಸೀರೆ ನೆಲ ಗುಡಿಸುತ್ತಿತ್ತು, ಯಾರಿಗೂ ಕಾಣಲಿಲ್ಲ. ಎಲ್ಲವನ್ನೂ ನೋಡುವ ಪದ್ಮಿನಿಗೂ ಕಾಣಲಿಲ್ಲ. ಅವಳ ತಲೆಯಲ್ಲಿ ಹೇಳಬೇಕಾದ ಮಾತೇ ತುಂಬಿಕೊಂಡಿತ್ತು.

ನೂರು ಹೆಜ್ಜೆಯೂ ಇರಲಿಲ್ಲ. ನೆಲವೆಲ್ಲ ತೂತು ತೂತಾದ ಕೆಂಪು ಕರಿ ಬಂಡೆ, ತುದಿಯಲ್ಲಿ ಕಬ್ಬಿಣದ ಕಟಕಟೆ, ಅದರಾಚೆ ಬಂಡೆ ಗೋಡೆ ಕಡಿದ ಹಾಗೆ ನೆಟ್ಟಗೆ ಕೆಳಗಿಳಿದು ನೀರಿಗೆ ಮುಟ್ಟಿತ್ತು. ಉಳಿದವರು ಅಯ್ಯೋ ಅಪ್ಪಾ ಅನ್ನುತ್ತಾ ಫೋಟೋ ಹಿಡಿಯತೊಡಗಿದರು. ಆಮೇಲೆ ಪಕ್ಕದ ಮೆಟ್ಟಿಲು ಹಿಡಿದು ಕೆಳಗಿನ ಮರಳಿಗೆ ಇಳಿದುಹೋದರು. ದೊಡ್ಡಮಾದಮ್ಮ ಸಮುದ್ರ ನೋಡಿದಳು. ನೀರು. ತುಂಬಾ ನೀರು. ಇಷ್ಟು ದೂರ ಬಂದದ್ದಕ್ಕೆ ಏನಾದರೂ ಅನ್ನಿಸಬೇಕು ಅಂತ ಸ್ವಲ್ಪ ಹೊತ್ತು ಕಾದಳು, ಏನೂ ಅನ್ನಿಸಲಿಲ್ಲ.

ಅಲ್ಲೊಂದು ಸಿಮೆಂಟು ಬೆಂಚಿತ್ತು. ಪದ್ಮಿನಿ ಕೂರಿಸಿ, ಪಕ್ಕದಲ್ಲಿ ತಾನೂ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಅತ್ತೆ, ನಿಮ್ಮನ್ನ ಒಂದ್ ಮಾತು ಕೇಳ್ಬೇಕಿತ್ತು."

ದೊಡ್ಡಮಾದಮ್ಮ ಎದ್ದಳು. ಆ ಕಡೆ ಇನ್ನೂ ಚೆನ್ನಾಗಿ ಕಾಣುತ್ತದೆ ಅಂತ ಹೊರಟೇಬಿಟ್ಟಳು. ಪದ್ಮಿನಿ ಹಿಂದೆ ಬಂದಳು. ಅವಳು ಹತ್ತಿರ ಬಂದಷ್ಟೂ ಇವಳು ಇನ್ನೊಂದು ಮೂಲೆಗೆ. ದೋಣಿ ನೋಡಬೇಕು ಅಂದಳು, ಹಕ್ಕಿ ನೋಡಬೇಕು ಅಂದಳು, ಆ ಕಲ್ಲು ಬಸವನ ಹಾಗಿದೆ, ಒಂದು ಸುತ್ತು ಬರುತ್ತೇನೆ ಅಂದಳು. ನಡೆಯಬೇಕಿಲ್ಲ ಅಂತ ಹುಡುಕಿ ತಂದ ಜಾಗದಲ್ಲಿ ಬೆಂಕಿಯಂಥ ಬಂಡೆಯ ಮೇಲೆ ಮುಕ್ಕಾಲು ಗಂಟೆ ಗಾಣದೆತ್ತಿನ ಹಾಗೆ ಸುತ್ತಿದಳು ಹೆಂಗಸು. ಮರಳಿನಿಂದ ಹತ್ತಿ ಬಂದವರು, ಅಜ್ಜಿಗೇನು ಕಸುವು ಅಂತ ಹೊಗಳಿದರು. ಪದ್ಮಿನಿ ಸೋತು ಬೆಂಚಿನ ಮೇಲೆ ಕೂತಿದ್ದಳು. ಡ್ರೈವರು ಹಾರನ್ ಹೊಡೆದಾಗ ದೊಡ್ಡಮಾದಮ್ಮನಿಗೆ ಉಸಿರು ಬಂತು. ಇನ್ನು ಬಸ್ಸಿನಲ್ಲಿ ಜನರಿರುತ್ತಾರೆ, ಕೇಳಲಾರಳು.

ಬಸ್ಸಿನ ಮೆಟ್ಟಿಲ ಮೇಲೆ ಒದ್ದೆ ಗುರುತು ಬಿತ್ತು. ಹಿಂದೆಯೇ ಹತ್ತುತ್ತಿದ್ದ ಪದ್ಮಿನಿ ಯಾರೋ ನೀರು ಚೆಲ್ಲಿದ್ದಾರೆ ಅಂದುಕೊಂಡಳು. ಎರಡನೆಯ ಗುರುತಿನಲ್ಲಿ ಕೆಂಪು ಕಂಡಿತು. ಸೀರೆ ಎತ್ತಿ ನೋಡಿದಳು. ಎರಡೂ ಅಂಗಾಲು ಬೊಬ್ಬೆ ಎದ್ದು, ಒಡೆದು, ಹಿಮ್ಮಡಿಯ ಚರ್ಮ ಸುಲಿದು ಜೋತಾಡುತ್ತಿತ್ತು.

"ಚಪ್ಪಲಿ ಎಲ್ಲಿ ಅತ್ತೆ?"

"ಬೆಟ್ಟ ಅಂದ್ರಲ್ಲ," ಅಂದಳು ದೊಡ್ಡಮಾದಮ್ಮ.

ಹತ್ತಿರದ ಪೇಟೆಯ ಆಸ್ಪತ್ರೆಗೆ ಬಸ್ಸು ತಿರುಗಿಸಿದರು. ಅಲ್ಲಿನ ಡಾಕ್ಟರಮ್ಮ ಸತ್ತ ಚರ್ಮ ಕತ್ತರಿಸಿ ತೆಗೆದು, ಮುಲಾಮು ಹಚ್ಚಿ, ಪಟ್ಟಿ ಸುತ್ತಿದಳು. ದೊಡ್ಡಮಾದಮ್ಮ ಗೋಡೆಯ ಮೇಲಿದ್ದ ಲಸಿಕೆಯ ಪಟ ನೋಡುತ್ತಾ ಕೂತಿದ್ದಳು, ಯಾರದೋ ಕಾಲನ್ನು ಯಾರೋ ಕತ್ತರಿಸಿದ ಹಾಗೆ. ಬೈಗುಳವೆಲ್ಲ ಪದ್ಮಿನಿಗೆ ಬಿತ್ತು. ಸಕ್ಕರೆ ಕಾಲು, ಕೀವಾದರೆ ಬೆರಳೇ ಕತ್ತರಿಸಬೇಕಾಗುತ್ತದೆ, ಪಾದಕ್ಕೂ ಬರಬಹುದು, ಮೂರು ತಿಂಗಳು ದಿನಾ ಪಟ್ಟಿ ಬಿಚ್ಚಿ ಕಟ್ಟಬೇಕು, ಜೊತೆಯಲ್ಲಿರುವ ನಿಮಗೆ ಕಣ್ಣಿರಲಿಲ್ಲವಾ ಅಂದಳು ಡಾಕ್ಟರಮ್ಮ. ಪದ್ಮಿನಿ ತಲೆ ಎತ್ತಲಿಲ್ಲ.

ಬಸ್ಸು ಊರಿನ ಕಡೆ ಹೊರಟಿತು. ಊಟ ಮಾಡಿದವರೆಲ್ಲ ತೂಕಡಿಸುತ್ತಿದ್ದರು. ಹಿಂದಿನ ಉದ್ದ ಸೀಟನ್ನು ಇವರಿಬ್ಬರಿಗೇ ಬಿಟ್ಟುಕೊಟ್ಟಿದ್ದರು. ಪಟ್ಟಿ ಸುತ್ತಿದ ಎರಡೂ ಕಾಲನ್ನು ಪದ್ಮಿನಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಒಂದ್ ಮಾತು ಕೇಳ್ಬೇಕು ಅಂತಿದ್ನಲ್ಲ ಅತ್ತೆ, ಅದ ಬುಟ್ಬುಡಿ. ಈಗದು ಇಲ್ಲ. ನಾ ಎಲ್ಗೂ ಓಗಕಿಲ್ಲ."

ಆಮೇಲೆ ಮೊಬೈಲು ತೆಗೆದು ಬರೆಯತೊಡಗಿದಳು. ದೊಡ್ಡಮಾದಮ್ಮನಿಗೆ ಓದು ಬಾರದು. ಆದರೂ ಅದು ಅಣ್ಣನಿಗೆ, ಏನು ಬರೆಯುತ್ತಿದ್ದಾಳೆ, ಎಲ್ಲವೂ ತಿಳಿಯಿತು.

ಅಂತೂ ಗೆದ್ದಳು. ಎರಡು ತಿಂಗಳು ಕಳ್ಳಾಟವಾಡಿ ಉಳಿಸಿಕೊಳ್ಳಲಾಗದ್ದನ್ನು ಸುಟ್ಟ ಕಾಲು ಒಂದೇ ಮಧ್ಯಾಹ್ನ ಉಳಿಸಿಕೊಟ್ಟಿತು. ಮೂರು ತಿಂಗಳು ಪಟ್ಟಿ, ಆಮೇಲೆ ಇನ್ನೇನೋ ಒಂದು, ಅಷ್ಟರಲ್ಲಿ ಯಳಂದೂರಿನವನು ಬೇರೆ ಯಾರನ್ನೋ ನೋಡಿಕೊಳ್ಳುತ್ತಾನೆ. ಸಂತೋಷವಾಗಬೇಕು. ಸಮುದ್ರದ ಮುಂದೆ ಕಾದ ಹಾಗೆಯೇ ದೊಡ್ಡಮಾದಮ್ಮ ಅದಕ್ಕೂ ಕಾದಳು. ಪದ್ಮಿನಿ ಬರೆಯುತ್ತಿದ್ದಳು. ಒಂದು ಅಕ್ಷರ ಒತ್ತಿ ನಿಲ್ಲುತ್ತಿದ್ದಳು, ಅಳಿಸುತ್ತಿದ್ದಳು, ಮತ್ತೆ ಒತ್ತುತ್ತಿದ್ದಳು. ಬಗ್ಗಿದ ತಲೆಯ ಬೈತಲೆಯಲ್ಲಿ ನಾಲ್ಕೈದು ಬಿಳಿ ಕೂದಲು. ಮೂವತ್ತೊಂದು ವರ್ಷ. ದಿನಾ ಸಂಜೆ ಆ ತಲೆ ತನ್ನ ಕಾಲಿನ ಮೇಲೆ ಬಗ್ಗಿದಾಗಲೂ ಆ ಕೂದಲು ಅಲ್ಲಿದ್ದಿರಬೇಕು. ದೊಡ್ಡಮಾದಮ್ಮ ಒಂದು ದಿನವೂ ನೋಡಿರಲಿಲ್ಲ.

ಕಾಲಿನದಲ್ಲ, ಒಳಗೆಲ್ಲೋ ಒಂದು ನೋವು. ಅದೆಷ್ಟು ದಿನದ ಮೇಲೆ ಬಂದದ್ದೋ, ಅವಳಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಕೈ ಚಾಚಿ ಮೊಬೈಲಿನ ಮೇಲೆ ಅಂಗೈ ಮುಚ್ಚಿದಳು.

"ತಡಿ. ಕಳಿಸ್ಬ್ಯಾಡ."

ಪದ್ಮಿನಿ ನೋಡಿದಳು.

"ಯಳಂದೂರೋನು, ಜಡೇಸ್ವಾಮಿ ಅಲ್ವಾ ಎಸ್ರು," ಅಂದಳು ದೊಡ್ಡಮಾದಮ್ಮ. "ನಂಗೊತ್ತು ಕನವ್ವ. ಎಲ್ಡ್ ತಿಂಗ್ಳಿಂದ ಗೊತ್ತು. ನೀ ಬಾಯ್ ಬುಡ್ತೀಯ ಅಂತಾನೆ ಆ ಬಂಡೆ ಮ್ಯಾಲೆ ಸುತ್ತುದ್ದು. ಕಾಲು ಸುಟ್ಟುದ್ದು ನಿನ್ ತಪ್ಪಲ್ಲ. ನಾನೇ ಸುಟ್ಕಂಡಿದ್ದು."

ಪದ್ಮಿನಿ ಕಾಲುಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಅವಳು ಹಿಡಿದದ್ದು ದೊಡ್ಡಮಾದಮ್ಮನ ಕಣ್ಣಿಗೆ ಕಂಡಿತು ಅಷ್ಟೇ, ಕಾಲಿಗೆ ತಿಳಿಯಲಿಲ್ಲ.

"ಗಾಯ ಮಾಯೋಗಂಟ ಇರು. ಆಮ್ಯಾಕೆ ಓಗು. ಓಗೋ ಮುಂಚೆ ನಂಗೊಂದು ಕನ್ನಡಿ ತಂದ್ಕೊಟ್ಟೋಗು. ಜಗ್ಲಿ ಮ್ಯಾಲೆ ಮಡಿಕಂಡು, ಅದರ್ ಮ್ಯಾಲೆ ಕಾಲು ಎತ್ತಿಡುದ್ರೆ ಅಡಿ ಕಾಣ್ತದ. ನಾನೇ ನೋಡ್ಕತೀನಿ."

ಪದ್ಮಿನಿ ಕಿಟಕಿಯ ಕಡೆ ತಿರುಗಿ ಸೆರಗು ಬಾಯಿಗೊತ್ತಿಕೊಂಡಳು. ಬಸ್ಸು ಘಟ್ಟದ ತಿರುವು ಹತ್ತುತ್ತಿತ್ತು. ಮುಂದಿನ ಸೀಟಿನಲ್ಲಿ ಯಾರೋ ಎದ್ದು, ಊರು ಇನ್ನೆಷ್ಟು ದೂರ ಅಂತ ಕೇಳಿ ಮತ್ತೆ ಮಲಗಿದರು.

"ಎಷ್ಟ್ ದೊಡ್ದು ತರ್ಲಿ ಅತ್ತೆ?" ಅಂದಳು ಪದ್ಮಿನಿ, ಕೊನೆಗೆ.

ದೊಡ್ಡಮಾದಮ್ಮ ಪಟ್ಟಿ ಸುತ್ತಿದ ಕಾಲುಗಳ ಕಡೆ ನೋಡಿದಳು.

"ಎಲ್ಡ್ ಕಾಲೂ ಕಾಣೋವಷ್ಟಿದ್ರೆ ಸಾಕು," ಅಂದಳು.