ಸೆಪ್‌ನ ನಾಲಿಗೆ

ಇಡಾ ಹ್ಯಾಲಮ್ ಕಟ್ಟಿಕೊಡುವ ಚೀಸು ಈರುಳ್ಳಿಯ ಸ್ಯಾಂಡ್‌ವಿಚ್ಚಿಗೆ ಥ್ರಷ್‌ಬಿ ಗಣಿಯಲ್ಲಿ ಸಾಟಿಯಿಲ್ಲ ಎನ್ನುವುದು ನೆಲದ ಮೇಲಿನವರಿಗಿಂತ ನೆಲದ ಕೆಳಗಿನವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವನು ಒಬ್ಬನೇ, ಅವಳ ಗಂಡ ಅಮೋಸ್. ಹನ್ನೊಂದು ವರ್ಷದಿಂದ ಅವನು ಅದನ್ನು ಬಾಯಿಗಿಟ್ಟಿರಲಿಲ್ಲ.

ಬೆಳಗಿನ ಪಾಳಿಯಲ್ಲಿ ಬುತ್ತಿ ಬಿಚ್ಚುವುದಕ್ಕೆ ಇಪ್ಪತ್ತೇ ನಿಮಿಷ. ಐದಾರು ಜನ ಛಾವಣಿಗೆ ಆನಿಸಿದ ಮರದ ಕಂಬಗಳಿಗೆ ಬೆನ್ನು ಕೊಟ್ಟು, ಹಣೆಯ ದೀಪಗಳನ್ನು ಒಬ್ಬರ ಕಣ್ಣಿಗೊಬ್ಬರದು ಕುಕ್ಕದ ಹಾಗೆ ತಗ್ಗಿಸಿಕೊಂಡು ಕೂರುತ್ತಿದ್ದರು. ಕೈಯೆಲ್ಲ ಮಸಿ. ಬ್ರೆಡ್ಡಿನ ಒಂದು ಮೂಲೆಯನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು ಉಳಿದದ್ದನ್ನು ತಿನ್ನಬೇಕು. ಆ ಮೂಲೆ ಗಣಿಯ ಬಂಡಿ ಎಳೆಯುವ ಕುದುರೆಗೆ. ಕುದುರೆಗೂ ಯಾರ ಮೂಲೆ ಮೊದಲು ಎನ್ನುವುದು ಗೊತ್ತಿತ್ತು.

"ಜಾಮು ಅಂದ್ರೆ ಜಾಮು," ಎಂದ ಕ್ಲೆಮ್, ದಿನವೂ ಹೇಳುವಂತೆ. "ಅಂಟ್ಕೊಂಡಿರತ್ತೆ, ಜಾರಲ್ಲ, ಬಾಯಿ ಒಣಗಲ್ಲ."

"ಹಲ್ಲಿಲ್ಲ ಅಂತ ಹೇಳು, ಸಾಕು," ಎಂದ ಪಕ್ಕದವನು.

"ಹಲ್ಲಿದ್ದೋರು ಉಪ್ಪುಪ್ಪು ಹ್ಯಾಮ್ ತಿಂದು ಒಂಬತ್ತು ಗಂಟೆಗೇ ನೀರಿನ ಬಾಟ್ಲಿ ಖಾಲಿ ಮಾಡ್ಕೋತಾರೆ. ಆಮೇಲೆ ಬಂದು ಕ್ಲೆಮಣ್ಣ, ಒಂದು ಗುಟುಕು ಕೊಡೋ ಅಂತಾರೆ."

ತೀರ್ಪು ಹೇಳುವವನು ಸೆಪ್ ವೀಟ್‌ಕ್ರಾಫ್ಟ್. ಐವತ್ತಾರು ವರ್ಷದ ಕುಳ್ಳ ಮನುಷ್ಯ, ಅಮೋಸ್‌ನ ಜೊತೆಗಾರ. ಒಬ್ಬ ಕಡಿದ ಕಲ್ಲಿದ್ದಲನ್ನು ಇನ್ನೊಬ್ಬ ಬಂಡಿಗೆ ತುಂಬುತ್ತ ಇಬ್ಬರೂ ಒಂದೇ ಕಿಂಡಿಯಲ್ಲಿ ಮೊಣಕಾಲೂರಿ ಹನ್ನೊಂದು ವರ್ಷ ಕಳೆದಿದ್ದರು. "ಅಡುಗೆಮನೇಲಿ ಚೆನ್ನಾಗಿರೋದನ್ನ ಯಾರು ಬೇಕಾದ್ರೂ ಮಾಡ್ತಾರೆ," ಎನ್ನುತ್ತಿದ್ದ ಸೆಪ್. "ಮೂರು ಮೈಲಿ ಸೊಂಟದಲ್ಲಿ ಕುಣಿದು, ಐದು ಗಂಟೆ ಈ ಸೆಖೆಯಲ್ಲಿ ಬೆಂದು, ಆಮೇಲೆ ಡಬ್ಬಿ ತೆಗೆದ್ರೆ ಆಗ ಚೆನ್ನಾಗಿರಬೇಕು. ಅದು ಸ್ಯಾಂಡ್‌ವಿಚ್ಚು." ಹೀಗೆಂದು ಅಮೋಸ್‌ನ ಕಡೆ ಕೈ ಚಾಚುತ್ತಿದ್ದ. ಅಮೋಸ್ ತನ್ನ ಡಬ್ಬಿ ಕೊಡುತ್ತಿದ್ದ, ಅವನದನ್ನು ತಾನು ತೆಗೆದುಕೊಳ್ಳುತ್ತಿದ್ದ.

ಮದುವೆಗೆ ಮುಂಚೆ ಅಮೋಸ್ ಹುಡುಗಿಯ ಮನೆಯವರ ಮುಂದೆ ಒಳ್ಳೆಯವನಾಗಲು ಹೋಗಿ ಮೂರು ತಟ್ಟೆ ಚೀಸು ಈರುಳ್ಳಿ ತಿಂದಿದ್ದ. ಹಸಿ ಈರುಳ್ಳಿ ಅವನಿಗೆ ಹುಟ್ಟಿನಿಂದಲೇ ಸೇರದು. ಆದರೆ ತಿಂದಾಗಿತ್ತು, ಹೊಗಳಿಯೂ ಆಗಿತ್ತು. ಅದು ರೇಷನ್ನಿನ ಕಾಲ. ಗಣಿಗೆ ಇಳಿಯುವವರಿಗೆ ಬೇರೆಯವರಿಗಿಂತ ಹೆಚ್ಚು ಚೀಸು ಸಿಗುತ್ತಿತ್ತು. ಮದುವೆಯಾದ ಮೊದಲ ಸೋಮವಾರವೇ ಡಬ್ಬಿಯಲ್ಲಿ ಚೀಸು ಈರುಳ್ಳಿ ಬಂತು. ಮಂಗಳವಾರವೂ ಬಂತು. ಬುಧವಾರ ಅವನು ಸೆಪ್‌ನ ಡಬ್ಬಿಯತ್ತ ನೋಡಿದ. ಅದರಲ್ಲಿ ಭಾನುವಾರ ಹುರಿದ ಮಾಂಸದಿಂದ ಇಳಿದು ಹೆಪ್ಪುಗಟ್ಟಿದ ಕೊಬ್ಬನ್ನು ಸವರಿ, ಮೇಲೆ ಉಪ್ಪುದುರಿಸಿದ ಬ್ರೆಡ್ಡು. ಸೆಪ್‌ನ ಹೆಂಡತಿ ನೋರಾಗೆ ಬೇರೆ ಏನೂ ಹೊಳೆಯುತ್ತಿರಲಿಲ್ಲ, ಸೆಪ್‌ನ ಹೊಟ್ಟೆಗೆ ಕೊಬ್ಬು ಆಗುತ್ತಿರಲಿಲ್ಲ. ಮಾತೇ ಬೇಕಾಗಲಿಲ್ಲ, ಡಬ್ಬಿಗಳು ಕೈ ಬದಲಾದವು.

ತೊಡಕಾದದ್ದು ಮನೆಯಲ್ಲಿ. "ಇವತ್ತು ಹೇಗಿತ್ತು?" ಎಂದು ಇಡಾ ಕೇಳುತ್ತಿದ್ದಳು. ಸುಮ್ಮನೆ ಕೇಳುವವಳಲ್ಲ, ಉತ್ತರಕ್ಕೆ ಕಾಯುವವಳು. ಆದ್ದರಿಂದ ಅಮೋಸ್ ಪ್ರತಿದಿನ ಮೇಲೆ ಬರುವ ಮುಂಚೆ ಸೆಪ್‌ನನ್ನು ಕೇಳಿಕೊಳ್ಳತೊಡಗಿದ. ಸೆಪ್‌ಗೆ ನಾಲಿಗೆಯಿತ್ತು. ಸಾಸಿವೆ ಚೀಸಿನ ಕೆಳಗೆ ಬರಲಿ, ಮೇಲೆ ಬೇಡ. ಈರುಳ್ಳಿ ರಾತ್ರಿಯಿಡೀ ವಿನೆಗರಿನಲ್ಲಿ ನೆನೆದರೆ ಖಾರ ಇಳಿಯುತ್ತದೆ, ಆದರೆ ಬೆಳಿಗ್ಗೆ ಬಟ್ಟೆಯಲ್ಲಿ ಹಿಂಡಬೇಕು. ಬ್ರೆಡ್ಡು ಒಂದು ದಿನ ಹಳೆಯದಿರಲಿ. ಬೆಣ್ಣೆ ಅಂಚಿನ ತನಕ ಹೋಗದಿದ್ದರೆ ನೀರು ಇಳಿದು ಮೂಲೆ ಮೆತ್ತಗಾಗುತ್ತದೆ. ಇದೆಲ್ಲ ಅಮೋಸ್‌ನ ಬಾಯಲ್ಲಿ ಮನೆ ಸೇರುತ್ತಿತ್ತು. ಇಡಾ ಕಿವಿಗೊಟ್ಟು ಕೇಳಿ, ಮರುದಿನ ಒಂದು ಕೂದಲೆಳೆಯಷ್ಟು ತಿದ್ದುತ್ತಿದ್ದಳು. ಹನ್ನೊಂದು ವರ್ಷದ ಕೂದಲೆಳೆಗಳು. ತನ್ನ ಗಂಡನಷ್ಟು ರುಚಿ ಬಲ್ಲವನು ಇನ್ನೊಬ್ಬನಿಲ್ಲವೆಂದು ಅವಳು ತಂಗಿಯರಿಗೆಲ್ಲ ಹೇಳಿಕೊಂಡಿದ್ದಳು. ಕೆಳಗಿನವರಿಗೆಲ್ಲ ವಿಷಯ ಗೊತ್ತಿತ್ತು. ಆದರೆ ಕೆಳಗಿನ ಮಾತು ಮೇಲಕ್ಕೆ ಬರುವುದು ಗಣಿಯ ಸಂಪ್ರದಾಯವಲ್ಲ.

ಆ ಶುಕ್ರವಾರ ಸೆಪ್ ಕೊನೆಯ ತುತ್ತನ್ನು ಬಹಳ ಹೊತ್ತು ಅಗಿದ.

"ಎಕ್ಸ್-ರೇ ಬಂತು," ಎಂದ. "ಎದೆ ತುಂಬ ಧೂಳಂತೆ. ಇನ್ನು ಕೆಳಗಿಳಿಯೋ ಹಾಗಿಲ್ಲ. ಸೋಮವಾರದಿಂದ ಮೇಲೆ, ದೀಪ ಹಂಚೋ ಕೋಣೆಯಲ್ಲಿ."

ಕುದುರೆ ಮೂತಿ ಚಾಚಿ ಮೂಲೆ ಬೇಡಿತು.

"ಎದೆ ಹೋದ್ರೆ ಹೋಗ್ಲಿ ಮಾರಾಯ," ಎಂದ ಸೆಪ್, ಖಾಲಿ ಡಬ್ಬಿಯನ್ನು ಹಿಂದಿರುಗಿಸುತ್ತ. "ಮೇಲಿನೋರಿಗೆ ಕ್ಯಾಂಟೀನಿನಲ್ಲಿ ಬಿಸಿ ಊಟವಂತೆ. ಇನ್ನು ಬುತ್ತಿ ಕಟ್ಟೋ ರಗಳೆ ಇಲ್ಲ ಅಂತ ನೋರಾ ಕುಣೀತಿದಾಳೆ. ಬೇಯಿಸಿದ ಆಲೂಗಡ್ಡೆ! ನಾನು ಏನು ಪಾಪ ಮಾಡಿದ್ದೆ?"

ಸೋಮವಾರ ಅಮೋಸ್ ತನ್ನ ಡಬ್ಬಿಯನ್ನು ಕ್ಲೆಮ್‌ನತ್ತ ತಳ್ಳಿದ. ಕ್ಲೆಮ್ ಎರಡು ನಿಮಿಷದಲ್ಲಿ ಅದನ್ನು ಮುಗಿಸಿ ಮೀಸೆ ಒರೆಸಿಕೊಂಡ.

"ಹೇಗಿತ್ತು?"

"ಚೆನ್ನಾಗಿತ್ತು."

"ಚೆನ್ನಾಗಿತ್ತು ಅಂದ್ರೆ? ಸಾಸಿವೆ?"

"ಇತ್ತು ಅನ್ಸತ್ತೆ. ಯಾಕೆ, ಪರೀಕ್ಷೆ ಇದೆಯಾ?"

ಮನೆಯಲ್ಲಿ ಇಡಾ ಕೇಳಿದಳು. "ಚೆನ್ನಾಗಿತ್ತು," ಎಂದ ಅಮೋಸ್. ಅವಳ ಕೈಯಲ್ಲಿದ್ದ ಟೀ ಪಾತ್ರೆ ಒಂದು ಗಳಿಗೆ ನಿಂತು, ಮತ್ತೆ ಬಾಗಿತು.

ಮಂಗಳವಾರ ಅವಳು ಚೀಸು ಬದಲಿಸಿದಳು. ಲೆಸ್ಟರಿನ ಕೆಂಪು ಚೀಸಿನ ಬದಲು ಬಿಳಿಯದು. ಕ್ಲೆಮ್‌ಗೆ ಗೊತ್ತೇ ಆಗಲಿಲ್ಲ. ಬುಧವಾರ ಈರುಳ್ಳಿಯನ್ನು ನೆನೆಸಲಿಲ್ಲ. ಕ್ಲೆಮ್‌ನ ಕಣ್ಣಲ್ಲಿ ನೀರು ಬಂತು, "ಚೆನ್ನಾಗಿದೆ," ಎಂದ. ಅಮೋಸ್ ಅದನ್ನೇ ಮನೆಗೆ ಒಯ್ದ.

"ನಾನು ಬೇಕಂತ ಹಸಿ ಈರುಳ್ಳಿ ಹಾಕಿದ್ದೆ," ಎಂದಳು ಇಡಾ. "ನೀನು ಬೈತೀಯ ಅಂತ. ಈ ಮೊದಲು ಚೂರು ನೀರು ಬಿಟ್ಟಿದ್ರೂ ಬಂದು ಹೇಳ್ತಿದ್ದೆ." ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. ಒದ್ದೆಯಿಲ್ಲದ ಕೈ. "ನನ್ನ ಕೈ ಕೆಟ್ಟಿದ್ರೆ ಕೆಟ್ಟಿದೆ ಅನ್ನು ಅಮೋಸ್. ಚೆನ್ನಾಗಿದೆ ಅಂತ ಮಾತ್ರ ಅನ್ಬೇಡ."

ಅಮೋಸ್‌ಗೆ ಅವತ್ತು ನಿದ್ದೆ ಸರಿಯಾಗಿ ಹತ್ತಲಿಲ್ಲ. ಹಿಂದೊಮ್ಮೆ ಗಣಿಯ ಛಾವಣಿ ಕುಸಿದಾಗಲೂ ಹೆದರದವನು ಈಗ ಹೆದರಿದ್ದ. ಸುಳ್ಳು ಸಿಕ್ಕಿಬೀಳುತ್ತದೆಂದಲ್ಲ. ಆ ಸುಳ್ಳಿನ ಮೇಲೆ ಅವಳು ಕಟ್ಟಿದ ನಿಜವಾದದ್ದೊಂದು ಹಾಳಾಗುತ್ತಿತ್ತು. ಕ್ಲೆಮ್‌ನ ನಾಲಿಗೆಗೆ ಒಪ್ಪಿಸಿದರೆ ಇನ್ನೊಂದು ವಾರದಲ್ಲಿ ಇಡಾ ಜಾಮು ಸವರುತ್ತಾಳೆ, ಆಮೇಲೆ ಅದನ್ನೂ ಲೆಕ್ಕಿಸದೆ ಸವರುತ್ತಾಳೆ.

ಗುರುವಾರ ಅವನು ಡಬ್ಬಿಯನ್ನು ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡ. ಇಡಾ ಮತ್ತೆ ಹಳೆಯ ಹದಕ್ಕೆ ಹಿಂದಿರುಗಿದ್ದಳು. ಕೊನೆಯ ಸಲ ಎನ್ನುವಂತೆ, ಎಲ್ಲವನ್ನೂ ಸರಿಯಾಗಿ. ಮುಚ್ಚಳ ತೆಗೆದಾಗ ಡಬ್ಬಿಯ ಆಕಾರಕ್ಕೆ ಬ್ರೆಡ್ಡು ಬೆರಳು ತೂರದಷ್ಟು ಬಿಗಿಯಾಗಿ ಕೂತಿತ್ತು. ಅಮೋಸ್ ಉಸಿರು ಬಿಗಿಹಿಡಿದು ಕಚ್ಚಿದ.

ಮೊದಲು ಬಂದದ್ದು ಈರುಳ್ಳಿಯಲ್ಲ. ಬ್ರೆಡ್ಡು ಹಲ್ಲಿಗೆ ತುಸು ಎದುರು ನಿಂತು ಆಮೇಲೆ ಬಿಟ್ಟುಕೊಟ್ಟಿತು. ಬೆಣ್ಣೆ ತಣ್ಣಗೆ ಹರಡಿತು. ಚೀಸು ಅದರೊಳಗಿಂದ ಪುಡಿಪುಡಿಯಾಗಿ ಒಡೆಯಿತು, ಅದು ಕರಗುವಷ್ಟರಲ್ಲಿ ಈರುಳ್ಳಿ ಹುಳಿಯಾಗಿ, ಗರಿಗರಿಯಾಗಿ, ಹಲ್ಲಿನಡಿ ಸದ್ದು ಮಾಡುತ್ತ ಬಂತು. ಎಲ್ಲ ಮುಗಿಯಿತು ಎನ್ನುವ ಹೊತ್ತಿಗೆ ಕೆಳಗಿದ್ದ ಸಾಸಿವೆ ಮೂಗಿನ ತುದಿಗೆ ಒಂದೇ ಒಂದು ಚಿಟಿಕೆ ಹೊಡೆಯಿತು. ಸರದಿಯಿತ್ತು ಅದಕ್ಕೆ. ತಾನು ಹನ್ನೊಂದು ವರ್ಷ ಹೊತ್ತು ತಂದ ಒಂದೊಂದು ಮಾತೂ ಅಲ್ಲಿತ್ತು, ಅದರದರ ಜಾಗದಲ್ಲಿ. ಮೂಲೆಯಲ್ಲಿ ಕೂಡ ಬ್ರೆಡ್ಡು ಒಣಗಿಯೇ ಇತ್ತು.

ಅವನಿಗೆ ಅದು ಸೇರಲಿಲ್ಲ. ಈರುಳ್ಳಿ ಈರುಳ್ಳಿಯೇ. ಗಂಟಲು ಬೇಡವೆಂದಿತು. ಆದರೂ ಇದಕ್ಕಿಂತ ಚೆನ್ನಾಗಿ ಮಾಡಿದ ವಸ್ತುವೊಂದನ್ನು ತಾನು ಬಾಯಿಗಿಟ್ಟಿಲ್ಲ ಎನ್ನುವುದು ಅವನಿಗೆ ಸ್ಪಷ್ಟವಾಗಿತ್ತು. ಅರ್ಥವಾಗದ ಭಾಷೆಯ ಹಾಡು ಕೇಳಿ ಎದ್ದು ನಿಂತವನಂತೆ ಅವನು ಅದನ್ನು ಪೂರ್ತಿ ತಿಂದ.

"ಈರುಳ್ಳಿ ತಿನ್ನೋಕೆ ಶುರು ಮಾಡಿದ್ಯಾ?" ಎಂದ ಕ್ಲೆಮ್.

"ಇಲ್ಲ," ಎಂದ ಅಮೋಸ್.

ಮಧ್ಯಾಹ್ನ ಮನೆಗೆ ಹೋದವನು ಕೂರಲಿಲ್ಲ.

"ಇಡಾ, ಆ ಸ್ಯಾಂಡ್‌ವಿಚ್ಚು ನಾನು ತಿಂತಿರಲಿಲ್ಲ."

"ಯಾವತ್ತು?"

"ಯಾವತ್ತೂ. ಸೆಪ್ ತಿಂತಿದ್ದ. ಅವನದು ನಾನು."

ಅವಳು ಬ್ರೆಡ್ಡು ಕೊಯ್ಯುವ ಹಲಗೆಯ ಮೇಲೆ ಎರಡೂ ಕೈ ಊರಿದಳು. "ಸಾಸಿವೆ ಕೆಳಗೆ ಇರ್ಲಿ ಅಂದದ್ದು?"

"ಸೆಪ್."

"ಒಂದು ದಿನ ಹಳೇ ಬ್ರೆಡ್ಡು?"

"ಸೆಪ್."

"ಐವತ್ತಮೂರರ ಕ್ರಿಸ್‌ಮಸ್ ಹಿಂದಿನ ದಿನ ಬಂದು, ಇವತ್ತು ತಿಂದಾದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ ಅಂದಿದ್ದೆ ನೀನು. ನಾನು ಅದನ್ನ ನಮ್ಮಮ್ಮನಿಗೂ ಹೇಳಿದ್ದೆ."

ಅಮೋಸ್ ನೆಲ ನೋಡಿದ. "ಸುಮ್ಮನೆ ಕೂತದ್ದೂ ಸೆಪ್."

"ಮತ್ತೆ ನಿನ್ನ ಡಬ್ಬಿಯಲ್ಲಿ?" ಎಂದಳು ಇಡಾ.

"ಕೊಬ್ಬು ಸವರಿದ ಬ್ರೆಡ್ಡು. ನೋರಾ ಮಾಡಿದ್ದು."

"ಬರೀ ಕೊಬ್ಬು?"

"ಉಪ್ಪು ಇರ್ತಿತ್ತು."

ಉಳಿದದ್ದನ್ನೆಲ್ಲ ತಡೆದುಕೊಂಡವಳಿಗೆ ಈ ಉಪ್ಪು ತಾಗಿತು. "ನೋರಾ ವೀಟ್‌ಕ್ರಾಫ್ಟ್‌ಗೆ ನೀರು ಕುದಿಸೋಕೆ ಬರಲ್ಲ!" ಎಂದು ಬೆನ್ನು ತಿರುಗಿಸಿ ಹಲಗೆ ಉಜ್ಜತೊಡಗಿದಳು. ಅದು ಶುಭ್ರವಾಗಿಯೇ ಇತ್ತು.

"ಇವತ್ತು ತಿಂದೆ," ಎಂದ ಅಮೋಸ್. ಉಜ್ಜುವ ಸದ್ದು ನಿಂತಿತು. "ನನಗೆ ಸೇರಲಿಲ್ಲ. ಆದ್ರೆ ಇಡಾ, ಅಂಥದ್ದನ್ನ ಮಾಡೋರು ಇನ್ನೊಬ್ಬರಿಲ್ಲ. ಇದು ಸೆಪ್ ಹೇಳಿದ್ದಲ್ಲ. ನಾನು ಹೇಳ್ತಿರೋದು."

ಅವಳು ಮತ್ತೆ ಉಜ್ಜಿದಳು.

ಶುಕ್ರವಾರ ಬೆಳಿಗ್ಗೆ ಅವನು ಏಳುವಷ್ಟರಲ್ಲಿ ಮೇಜಿನ ಮೇಲೆ ಡಬ್ಬಿಯಿತ್ತು, ಹೆಂಡತಿ ಇರಲಿಲ್ಲ. ದೀಪದ ಕೋಣೆಯ ಮುಂದೆ ನಲವತ್ತು ಜನರ ಸಾಲು ಅಲುಗದೆ ನಿಂತಿತ್ತು. ಹೆಂಗಸರು ಗಣಿಯ ಅಂಗಳಕ್ಕೆ ಕಾಲಿಡುವ ರೂಢಿಯೇ ಇಲ್ಲ, ಯಾರಾದರೂ ಸತ್ತಾಗ ಬಿಟ್ಟು. ಅಂಥಲ್ಲಿ ಸಾಲಿನ ತುದಿಯಲ್ಲಿ, ತಲೆಗೆ ಬಟ್ಟೆ ಕಟ್ಟಿಕೊಂಡು, ಕಿಟಕಿಯ ಕಟ್ಟೆಗೆ ಮೊಣಕೈ ಊರಿ ಇಡಾ. ಒಳಗೆ ಸೆಪ್, ಎರಡೂ ಕೈಯಲ್ಲಿ ಸ್ಯಾಂಡ್‌ವಿಚ್ಚು. ಮೂಲೆ ಹಿಡಿಯುವ ಅಗತ್ಯವಿಲ್ಲದ ಶುಭ್ರವಾದ ಕೈ.

"ಓ ತಾಯಿ, ದೀಪ ಕೊಡಿಸು, ಪಾಳಿ ತಪ್ಪತ್ತೆ!" ಎಂದು ಹಿಂದಿನಿಂದ ಕೂಗಿದರು.

"ಕಾಯಿರಿ," ಎಂದಳು ಇಡಾ ತಿರುಗದೆ. "ನಾನು ಹನ್ನೊಂದು ವರ್ಷ ಕಾದಿದೀನಿ. ಹೇಳು ಸೆಪ್."

ಸೆಪ್ ನುಂಗಿದ. ಕೆಮ್ಮಿದ. ಕಣ್ಣು ಮುಚ್ಚಿ ತೆರೆದ. "ಈರುಳ್ಳಿ ಹಿಂಡಿದ್ದು ಸ್ವಲ್ಪ ಜಾಸ್ತಿಯಾಯ್ತು ಕಣಮ್ಮ. ಕೋಪದಲ್ಲಿ ಹಿಂಡಿದೀಯ."

ಇಡಾ ತಲೆಯಾಡಿಸಿದಳು. ವಾರದಿಂದ ಬಿಗಿದಿದ್ದ ಅವಳ ಮುಖ ಸಡಿಲವಾದದ್ದನ್ನು ಅಮೋಸ್ ಸಾಲಿನಿಂದ ನೋಡಿದ. "ಸೋಮವಾರ ಸರಿಮಾಡ್ತೀನಿ," ಎಂದಳು.

"ನೋರಾಗೆ ಮಾತ್ರ ಹೇಳ್ಬೇಡ, ಕೈಮುಗೀತೀನಿ."

"ನಲವತ್ತು ಜನ ನೋಡಿದಾರೆ. ನಾನ್ಯಾಕೆ ಹೇಳ್ಲಿ?"

ಹೋಗುವಾಗ ಅಮೋಸ್‌ನ ಎದುರು ನಿಂತಳು. "ನಿನ್ನ ಡಬ್ಬಿಯಲ್ಲಿ ಬರೀ ಬ್ರೆಡ್ಡಿದೆ. ನಡುವೆ ಏನಿಡಬೇಕು ಅಂತ ಮನೆಗೆ ಬಂದು ಹೇಳು. ನಿನ್ನ ಬಾಯಿಂದ. ಕೊಬ್ಬೇ ಬೇಕಂದ್ರೆ ಕೊಬ್ಬೇ. ಆದ್ರೆ ಯಾಕೆ ಅಂತ ಹೇಳ್ಬೇಕು, ಯಾವ ಮಾಂಸದ್ದು, ಎಷ್ಟು ದಪ್ಪ, ಉಪ್ಪು ಯಾವಾಗ. ಚೆನ್ನಾಗಿತ್ತು ಅಂದ್ರೆ ಬರೀ ಬ್ರೆಡ್ಡೇ ಗತಿ."

ಜನರನ್ನು ಗಣಿಗೆ ಇಳಿಸುವ ಕಬ್ಬಿಣದ ಪಂಜರ ಕೆಳಗಿಳಿಯುವಾಗ ಅಮೋಸ್ ಯೋಚಿಸಿದ. ಕೊಬ್ಬು ತನಗೆ ಇಷ್ಟವೇ? ಅದು ಈರುಳ್ಳಿಯಲ್ಲ ಎನ್ನುವುದರ ಆಚೆಗೆ ತಾನು ಯೋಚಿಸಿಯೇ ಇರಲಿಲ್ಲ. ಮೂವತ್ತೇಳು ವರ್ಷದ ಗಂಡಸಿಗೆ ತನ್ನ ಬಾಯಿಗೆ ಏನು ಬೇಕೆಂದು ಗೊತ್ತಿರಲಿಲ್ಲ.

ಬುತ್ತಿಯ ಹೊತ್ತಿಗೆ ಅವನು ಎರಡು ಬರಿಯ ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ಎಲ್ಲರ ಮುಂದೆ ಹಿಡಿದ. ಮೊದಲು ನಕ್ಕರು. ಆಮೇಲೆ ಕ್ಲೆಮ್ ಬೆರಳಲ್ಲಿ ಒಂದಿಷ್ಟು ಜಾಮು ಒರೆಸಿದ. ಇನ್ನೊಬ್ಬ ತಣ್ಣನೆಯ ಬೇಕನ್ ಮಾಂಸದ ಚೂರು ಇಟ್ಟ. ಮತ್ತೊಬ್ಬ, "ನನ್ನ ಹೆಂಡ್ತಿ ಬೀಟ್‌ರೂಟಿನ ಉಪ್ಪಿನಕಾಯಿ ಹಾಕ್ತಾಳೆ, ಬ್ರೆಡ್ಡು ಕೆಂಪಾಗತ್ತೆ, ಹೆದರ್ಬೇಡ," ಎಂದು ಎಚ್ಚರಿಸಿ ಕೊಟ್ಟ. ಅಮೋಸ್ ಒಂದೊಂದನ್ನೂ ಬೇರೆ ಬೇರೆಯಾಗಿ, ನಡುವೆ ನೀರು ಕುಡಿದು ತಿಂದ. ಹಣೆಯ ದೀಪಗಳೆಲ್ಲ ಅವನ ದವಡೆಯ ಮೇಲೆ ನಿಂತಿದ್ದವು.

"ಹೇಳೋ, ಯಾವುದು?" ಎಂದ ಕ್ಲೆಮ್.

"ತಡಿ," ಎಂದ ಅಮೋಸ್. "ಇನ್ನೂ ಬಾಯಲ್ಲಿದೆ."